ಅವತ್ತು ಹವಾ ಹಸಿ ಇತ್ತು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದೆ. ಮಗಳ ಕಾಲುಚೀಲವೊಂದು ಟವೆಲಿಗೆ ಅಂಟಿಕೊಂಡಿತ್ತು. ಎಳೆದರೆ ಚಟಚಟ ಎನ್ನುತ್ತದೆ, ಬಿಟ್ಟರೆ ಮತ್ತೆ ಹೋಗಿ ಅಂಟುತ್ತದೆ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ನೋಡಿದೆ. ಅಟ್ಲಾಂಟಾದಿಂದ ಅವರ ತಂಗಿ ಬರೆದಿದ್ದರು: "ಅಕ್ಕ ಮುಂಜಾನೆ ಹೋದ್ಲು. ತ್ರಾಸ ಆಗಲಿಲ್ಲ. ಚಾ ಕುಡದು ಕೂತಿದ್ಲು."

ಡ್ರೈಯರಿನ ಬಿಸಿ ತಗಡಿನ ಮೇಲೆ ಕೈಯೂರಿ ನಿಂತೆ. ಅಳು ಬರಲಿಲ್ಲ. ಈ ಕೆಲವು ವರ್ಷಗಳಲ್ಲಿ ಎಷ್ಟು ಜನರ ಸಾವನ್ನು ಫೋನಿನಲ್ಲಿ ಓದಿದೆವೋ, ಕೈಮುಗಿದ ಚಿತ್ರವೊಂದನ್ನು ಒತ್ತಿ ಮೀಟಿಂಗಿಗೆ ಹೋಗಿ ಕೂತೆವೋ, ಅಳುವುದಕ್ಕೂ ಒಂದು ತ್ರಾಣ ಬೇಕಲ್ಲ. ಇವರಿಗೆ ಮಾತ್ರ ಆ ಚಿತ್ರ ಒತ್ತಲು ಬೆರಳು ಏಳಲಿಲ್ಲ. ಬುಟ್ಟಿಯಲ್ಲಿ ಬಟ್ಟೆ ತಣ್ಣಗಾಗುವವರೆಗೂ ಹಾಗೇ ನಿಂತಿದ್ದೆ.

ಸೆಂಟರ್‌ವಿಲ್ಲಿನಲ್ಲಿ ನಮ್ಮ ಟೌನ್‌ಹೌಸಿಗೂ ಅವರ ಟೌನ್‌ಹೌಸಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಬಳಸಿದ್ದೂ ಇಲ್ಲ. ಕನ್ನಡದವರು, ತೆಲುಗಿನವರು, ಕೊನೆಗೆ ಅಂಚೆ ಹಂಚುವ ಆಸಾಮಿ ಕೂಡ ಆಂಟಿ ಎಂದೇ ಕರೆಯುತ್ತಿದ್ದರು. ಅವರಿಗೆ ಅದೊಂದು ತಮಾಷೆ.

"ಮಿಲ್ಲಿನ್ಯಾಗ ಇರೂತನಕಾ ನಾ ಆಂಟಿ-ಸ್ಟ್ಯಾಟಿಕ್ ಇದ್ದೆ ತಮ್ಮಾ. ರಿಟೈರ್ ಆದ ಮ್ಯಾಲೆ ಸ್ಟ್ಯಾಟಿಕ್ ಹೋತು, ಬರೇ ಆಂಟಿ ಉಳದೆ."

ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಇಂಜಿನಿಯರ್ ಗಂಡನ ಜೊತೆ ದಕ್ಷಿಣ ಕೆರೊಲಿನಾಕ್ಕೆ ಬಂದವರು. ಅಲ್ಲಿಯ ಒಂದು ನೂಲಿನ ಗಿರಣಿಯ ಪ್ರಯೋಗಾಲಯದಲ್ಲಿ ಬಾಳಿನ ಬಹುಭಾಗ ಕಳೆದರು. ಹತ್ತಿಯಲ್ಲ, ಪಾಲಿಯೆಸ್ಟರ್ ನೂಲು. ಯಂತ್ರದ ಮೇಲೆ ಓಡುವಾಗ ಉಜ್ಜಿ ಉಜ್ಜಿ ಅದರಲ್ಲಿ ಸ್ಥಾಯಿ ವಿದ್ಯುತ್ತು, ಅವರ ಮಾತಿನ ಸ್ಟ್ಯಾಟಿಕ್, ಕೂಡುತ್ತದೆ. ಆಗ ಎಳೆಗೆ ಎಳೆ ಆಗುವುದಿಲ್ಲ, ಸಿಟ್ಟಿಗೆದ್ದ ಬೆಕ್ಕಿನ ಬಾಲದ ಹಾಗೆ ಎಳೆಗಳು ಎಲ್ಲ ದಿಕ್ಕಿಗೂ ಚದುರಿ ನಿಲ್ಲುತ್ತವೆ. ಅವು ಚದುರದ ಹಾಗೆ ನೂಲಿಗೆ ತೆಳ್ಳಗೆ ಒಂದು ಜಿಡ್ಡು ಸವರಬೇಕು. ಆ ಜಿಡ್ಡು ಎಷ್ಟು, ಯಾವುದು, ಗಿರಣಿಯ ಹವೆಯಲ್ಲಿ ತೇವ ಎಷ್ಟಿರಬೇಕು ಎಂದು ನೋಡುವುದೇ ಇವರ ಕೆಲಸ. ಮುಂದೆ ಗಿರಣಿ ಮುಚ್ಚಿತು, ಗಂಡನಿಗೆ ವರ್ಜೀನಿಯಾದಲ್ಲಿ ಕೆಲಸವಾಯಿತು, ಇಲ್ಲಿಗೆ ಬಂದರು. ನಾವು ಪಕ್ಕದ ಮನೆಗೆ ಬರುವ ಹೊತ್ತಿಗೆ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ.

ಗಿರಣಿಯ ವಿಷಯ ತೆಗೆದರೆ ಅವರ ಮುಖದ ಮೇಲೆ ಒಂದು ದಣಿವು ಬಂದು ಕೂರುತ್ತಿತ್ತು. "ಭಾಳ ವರ್ಷ ಆ ಸ್ಟ್ಯಾಟಿಕ್ ಜೋಡಿ ಜಗಳಾಡಿ ಸಾಕಾತಪಾ," ಎನ್ನುತ್ತಿದ್ದರು, ತೀರಿಹೋದ ಅತ್ತೆಯ ಬಗ್ಗೆ ಹೇಳುವ ಸೊಸೆಯ ಹಾಗೆ. ಆದರೂ ಆ ಜಗಳದ ಅಭ್ಯಾಸ ಮೈಬಿಟ್ಟು ಹೋಗಿರಲಿಲ್ಲ. ಶನಿವಾರ ಅವರನ್ನು ಕಾರಿನಲ್ಲಿ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದೆ. ಇಳಿಯುವಾಗ ಬಾಗಿಲಿನ ಲೋಹದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, ಆಮೇಲೆ ಕಾಲು ನೆಲಕ್ಕೆ ಇಡುತ್ತಿದ್ದರು. ವಯಸ್ಸಾಗಿದೆ, ಆಧಾರಕ್ಕೆ ಹಿಡಿಯುತ್ತಾರೆ ಅಂದುಕೊಂಡು ನಾನು ಕೈ ಕೊಡಲು ಹೋದರೆ ಗದರಿದರು.

"ಕೈ ಬ್ಯಾಡ. ಸೀಟಿಗೆ ಕ್ವಾಟು ಉಜ್ಜಿ ಮೈಯಾಗ ಸ್ಟ್ಯಾಟಿಕ್ ಕೂಡಿರತದ. ಲೋಹಾ ಹಿಡಕೊಂಡ ಇಳದರ ಅಲ್ಲೇ ಇಳದು ಹೋಗತದ. ನೀ ಹಂಗ ಇಳದು ಆಮ್ಯಾಲೆ ಬಾಗಲಾ ಮುಟ್ಟತಿ, ಚಟ್ ಅಂತದ, ಅಮೆರಿಕಾಕ್ಕ ಬೈತಿ."

ಆವತ್ತಿನಿಂದ ನಾನೂ ಹಾಗೇ ಇಳಿಯುತ್ತೇನೆ. ನೋಡಿದವರು ನನಗೂ ಸೊಂಟ ನೋವು ಅಂದುಕೊಂಡಿರಬೇಕು.

ಸೋಂಕಿಗೆ ಹೆದರಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ ಮೊದಲ ವರ್ಷದ ಚಳಿಗಾಲದಲ್ಲಿ ಅವರ ಗುಳ್ಳೆಯಾಟ ಶುರುವಾದದ್ದು. ನನ್ನ ಮಗಳಿಗೆ ಆಗ ಆರು ವರ್ಷ. ಶಾಲೆ ಕಂಪ್ಯೂಟರಿನ ಮೇಲೆ, ನಾನೂ ಹೆಂಡತಿಯೂ ಒಂದೊಂದು ಕೋಣೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು, ಮೂವರೂ ಮೂರು ಕಡೆ ಬೇರೆಯವರ ಜೊತೆ ಮಾತಾಡುತ್ತಿದ್ದೆವು. ಸಂಜೆ ಹೊತ್ತಿಗೆ ಒಬ್ಬರಿಗೊಬ್ಬರು ಆಡಲು ಮಾತು ಉಳಿಯುತ್ತಿರಲಿಲ್ಲ. ಒಂದು ದಿನ ಎರಡೂ ಮನೆಗೆ ಹೊಂದಿಕೊಂಡ ಹಿಂದಿನ ಮರದ ಜಗಲಿ, ಡೆಕ್ಕಿನ ಮೇಲೆ ಮಗಳು ಸುಮ್ಮನೆ ಅಳುತ್ತ ಕೂತಿದ್ದಾಗ ಪಕ್ಕದ ಮನೆಯ ಗಾಜಿನ ಬಾಗಿಲು ಟಕಟಕ ಎಂದಿತು. ಒಳಗೆ ಆಂಟಿ ನಿಂತಿದ್ದರು. ಒಂದು ಕೈಯಲ್ಲಿ ಗಾಜಿನ ಕಡ್ಡಿ, ಇನ್ನೊಂದರಲ್ಲಿ ಬಣ್ಣ ಮಾಸಿದ ರೇಷ್ಮೆಯ ತುಂಡು. ಸಾಬೂನಿನ ಗುಳ್ಳೆಯೊಂದನ್ನು ಊದಿ ಬಿಟ್ಟರು. ಅದು ಮೆಲ್ಲಗೆ ಇಳಿಯುತ್ತಿತ್ತು. ಕಡ್ಡಿಯನ್ನು ರೇಷ್ಮೆಗೆ ನಾಲ್ಕು ಸಲ ತಿಕ್ಕಿ ಗುಳ್ಳೆಯ ಮೇಲ್ಗಡೆ ಹಿಡಿದರು. ಇಳಿಯುತ್ತಿದ್ದ ಗುಳ್ಳೆ ನಿಂತಿತು. ಆಮೇಲೆ ಏರಿತು. ಅವರು ಕಡ್ಡಿ ಹಿಡಿದು ಕೋಣೆಯ ತುಂಬ ನಡೆದರು, ಅದು ಹಾಲು ಕಂಡ ಬೆಕ್ಕಿನಮರಿಯಂತೆ ಹಿಂದೆ ಹಿಂದೆ ಬಂತು. ಹೊರಗೆ ಕೊರೆಯುವ ಚಳಿಯಲ್ಲಿ ಮಗಳು ಗಾಜಿಗೆ ಮೂಗು ಒತ್ತಿ ನಿಂತಳು. ಮಾರನೆಯ ವಾರ ಡೆಕ್ಕಿನ ಮೇಲೆ ಬೀದಿಯ ಮಕ್ಕಳೆಲ್ಲ ಕೋಟು ಟೊಪ್ಪಿ ಹಾಕಿಕೊಂಡು ದೂರ ದೂರ ನಿಂತಿದ್ದರು. ಗಾಜಿನ ಒಳಗೆ ಅವರು ಒಬ್ಬರೇ.

"ಜಗತ್ತೆಲ್ಲಾ ಮಡಿ ಆಗೇದ ನೋಡಪಾ," ಎಂದರು ಫೋನಿನಲ್ಲಿ. "ಯಾರೂ ಯಾರನ್ನೂ ಮುಟ್ಟೂಹಂಗಿಲ್ಲ. ನಮ್ಮವ್ವ ಇದ್ದಿದ್ದರ ಭಾಳ ಖುಷಿ ಪಡತಿದ್ದಳು."

ಆ ರೇಷ್ಮೆಯ ತುಂಡು ಅವರ ಅವ್ವನದು. ಮಡಿಯಲ್ಲಿ ಉಡುತ್ತಿದ್ದ ಪತ್ತಲದಿಂದ, ಎಂದರೆ ಉದ್ದ ಸೀರೆಯಿಂದ, ಕತ್ತರಿಸಿದ್ದು. ಅವ್ವ ಆ ಪತ್ತಲವನ್ನು ಎತ್ತರದ ಗಳುವಿನ ಮೇಲೆ ಹಾಕಿ, ಬೆಳಿಗ್ಗೆ ಕೋಲಿನಿಂದ ಇಳಿಸಿಕೊಂಡು ಉಟ್ಟು ಅಡಿಗೆಗೆ ನಿಲ್ಲುತ್ತಿದ್ದರಂತೆ. ಚಳಿಗಾಲದ ಒಣ ಹವೆಯಲ್ಲಿ ಕೊಡವಿದರೆ ರೇಷ್ಮೆ ಚಟಚಟ ಎನ್ನುವುದು, ಸಣ್ಣ ಸಣ್ಣ ಕಿಡಿ ಕಾಣುವುದು. ಆಗ ಸಣ್ಣ ಹುಡುಗಿಯಾಗಿದ್ದ ಇವರು ಒಮ್ಮೆ ಓಡಿ ಹೋಗಿ ಸೆರಗು ಹಿಡಿದರು. ಬೆರಳಿಗೆ ಚುರುಕ್ ಎಂದಿತು. ಅದೇ ಹೊತ್ತಿಗೆ ಅವ್ವ ಕಿರುಚಿದರು: "ಮುಟ್ಟಬ್ಯಾಡ, ಮಡೀಲೆ ಇದ್ದೀನಿ!"

"ನಾ ತಿಳಕೊಂಡೆ, ಮಡಿ ಅಂದ್ರ ಇದನ," ಎಂದು ಆಂಟಿ ನಗುತ್ತಿದ್ದರು. "ಮುಟ್ಟಿದವರಿಗೆ ಹೊಡೀತದ, ಅದಕ್ಕ ಮುಟ್ಟಬ್ಯಾಡ ಅಂತಾರ. ಎಷ್ಟು ವರ್ಷ ಹಂಗ ನಂಬಿದ್ದೆ. ಕಾಲೇಜಿನ್ಯಾಗ ಮಾಸ್ತರು ಗಾಜಿನ ಕಡ್ಡಿ ರೇಷ್ಮಿಗೆ ತಿಕ್ಕಿ ತೋರಿಸಿದರು. ಎಲ್ಲಾರೂ ಬರಕೊಂಡರು. ನಾ ಒಬ್ಬಾಕಿ ಜೋರಾಗಿ 'ಅಯ್ಯ, ಇದು ಮಡಿ!' ಅಂದೆ. ಹೊರಗ ನಿಂದರಿಸಿದರು."

ಅವ್ವ ತೀರಿಕೊಂಡ ಮೇಲೆ ಪತ್ತಲ ಹಿರಿಮಗಳಾದ ಇವರಿಗೆ ಬಂತು. ಇವರು ಅದರಿಂದ ಅಂಗೈ ಅಗಲದ ತುಂಡೊಂದನ್ನು ಕತ್ತರಿಸಿದರು. ಅಟ್ಲಾಂಟಾದ ತಂಗಿ, ಮಕ್ಕಳ ಡಾಕ್ಟರು, ಅವ್ವನ ಪೂಜೆ ಪುನಸ್ಕಾರವನ್ನೆಲ್ಲ ಮುಂದುವರಿಸಿದವರು. ಅವರಿಗೆ ಫೋನಿನಲ್ಲಿ ಗೊತ್ತಾಯಿತು. "ಅವ್ವನ ಮಡಿ ಕತ್ತರಿಸಿದಿ? ಸಾಬೂನಿನ ಗುಳ್ಳಿ ಆಡಸಾಕ?" ಎಂದು ಕೇಳಿ ಫೋನು ಇಟ್ಟವರು ಮತ್ತೆ ಎತ್ತಲಿಲ್ಲ. ಇವರು ಪತ್ತಲದ ಉಳಿದ ಭಾಗವನ್ನು ಪಾರ್ಸೆಲ್ ಮಾಡಿ ಅಟ್ಲಾಂಟಾಕ್ಕೆ ಕಳಿಸಿದರು. ಮುಟ್ಟಿತು ಎಂಬ ಉತ್ತರವೂ ಬರಲಿಲ್ಲ.

"ಯಾಕೆ ಕತ್ತರಿಸಿದ್ರಿ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಇಡೀ ಪತ್ತಲಾ ಪೆಟ್ಟಿಗ್ಯಾಗ ಇಟ್ಟು ಏನ ಮಾಡ್ಲಿ? ತುಂಡು ಕೈಯಾಗ ಇದ್ದರ ದಿನಾ ಮುಟ್ಟತೀನಿ." ತುಂಡಿನ ಅಂಚು ಸವರುತ್ತ, "ಬದುಕಿದ್ದಾಗ ಮುಟ್ಟಗೊಡಲಿಲ್ಲಲ್ಲ," ಎಂದರು. ಹೇಳಿ ಎದ್ದು ಹೋಗಿ ಕುಕ್ಕರು ಇಟ್ಟರು.

ಗುಳ್ಳೆಯಾಟ ಕಂಡಷ್ಟು ಸುಲಭವಲ್ಲ. ಗುಳ್ಳೆಗೆ ಹಸಿ ಹವೆ ಬೇಕು, ಒಣಗಿದರೆ ಒಡೆಯುತ್ತದೆ. ಕಡ್ಡಿಯ ವಿದ್ಯುತ್ತಿಗೆ ಒಣ ಹವೆ ಬೇಕು, ಹಸಿಯಾದರೆ ಸೋರಿ ಹೋಗುತ್ತದೆ. ಎರಡಕ್ಕೂ ಒಪ್ಪುವ ಹದ ಹುಡುಕಬೇಕು. ಪಾತ್ರೆ ತೊಳೆಯುವ ಸಾಬೂನಿಗೆ ಗ್ಲಿಸರಿನ್ ಬೆರೆಸಿ ಗುಳ್ಳೆಯನ್ನು ಗಟ್ಟಿ ಮಾಡುತ್ತಿದ್ದರು. ಗಾಜಿನ ಕಡ್ಡಿಯನ್ನು ಹೀಟರಿನ ಬಿಸಿಗಾಳಿ ಬರುವ ಕಿಂಡಿಯ ಮೇಲೆ ಮಲಗಿಸಿ ಇಡುತ್ತಿದ್ದರು. ರೇಷ್ಮೆ ತುಂಡಿಗೆ ಸ್ಟೀಲಿನ ಡಬ್ಬಿ. ಅದನ್ನು ಎಂದೂ ತೊಳೆಯುತ್ತಿರಲಿಲ್ಲ. ಕೋಣೆಯ ಕಪಾಟಿನ ಮೇಲೆ ಗಡಿಯಾರದಂಥ ಒಂದು ಸಣ್ಣ ಮೀಟರು. ಹವೆಯಲ್ಲಿ ತೇವ ಎಷ್ಟಿದೆ ಎಂದು ತೋರಿಸುವಂಥದ್ದು. ಗಿರಣಿ ಮುಚ್ಚಿದಾಗ ತಂದದ್ದು. ಅದಕ್ಕೆ ಪಂಚಾಂಗ ಎಂದು ಹೆಸರಿಟ್ಟಿದ್ದರು. ಉಗುರಿನಿಂದ ಅದನ್ನು ಎರಡು ಸಲ ತಟ್ಟಿ, ಮುಳ್ಳು ನೋಡಿ, "ಮುಹೂರ್ತ ಅದ" ಎಂದರೆ ಮಾತ್ರ ಆಟ.

ಆಟದ ಕೊನೆಗೆ ಜೋಡಿ ಗುಳ್ಳೆ. ಕೋಟು ತೂಗುಹಾಕುವ ತಂತಿಯಿಂದ ಮಾಡಿದ ಎರಡು ಬಳೆಗಳಿಗೆ ಒಂದೊಂದು ಗುಳ್ಳೆ ಊದಿ, ಎರಡನ್ನೂ ಹತ್ತಿರ ತಂದು ಒತ್ತುತ್ತಿದ್ದರು. ಗುಳ್ಳೆಗಳು ಒಂದನ್ನೊಂದು ಒತ್ತಿ ಚಪ್ಪಟೆಯಾಗುತ್ತಿದ್ದವು, ಜಾರುತ್ತಿದ್ದವು, ಆದರೆ ಕೂಡುತ್ತಿರಲಿಲ್ಲ. "ನಡುವ ಹವಾದ್ದು ಒಂದು ಪದರ ಅದ. ಕಣ್ಣಿಗೆ ಕಾಣೂದಿಲ್ಲ," ಎನ್ನುವರು. ಆಮೇಲೆ ಎರಡು ಬಳೆಗಳನ್ನೂ ಒಂದೇ ಕೈಗೆ ಮಾಡಿಕೊಂಡು, ಮೊದಲೇ ತಿಕ್ಕಿಟ್ಟ ಕಡ್ಡಿಯನ್ನು, ಮುಟ್ಟಿಸದೆ, ಬರೀ ಹತ್ತಿರಕ್ಕೆ ತರುವರು. ಪಟ್ಟನೆ ಎರಡೂ ಒಂದಾಗಿ ದೊಡ್ಡ ಗುಳ್ಳೆಯೊಂದು ತೂಗುತ್ತಿತ್ತು. ಮಕ್ಕಳು ಪ್ರತಿ ಸಲವೂ ಕಿರುಚುವರು.

ನನಗೆ ಮಾತು ಸ್ವಲ್ಪ ಹೆಚ್ಚು. "ಅಕ್ಕ ತಂಗಿ ಇದ್ದ ಹಾಗಲ್ವಾ ಆಂಟಿ?" ಎಂದುಬಿಟ್ಟೆ.

"ಸಾಬೂನಿನ ಗುಳ್ಳಿಗೆ ಅಕ್ಕ ತಂಗಿ ಇರೂದಿಲ್ಲ," ಎಂದು ಕಡ್ಡಿ ಕೆಳಗಿಟ್ಟರು. "ಕಂಡದ್ದಷ್ಟ ಹೇಳು. ಮೈಸೂರಿನವರು ನೀವು ಎಲ್ಲಾದಕ್ಕೂ ಸಕ್ಕರಿ ಹಾಕತೀರಿ."

ಕಂಡದ್ದನ್ನಷ್ಟೇ ಹೇಳುವುದು ಅವರ ಮಡಿ. ಗಿರಣಿಯಲ್ಲಿ ಒಮ್ಮೆ ನೂಲು ಕೊಳ್ಳುವವರು ನೋಡಲು ಬರುವ ದಿನ, ತೇವದ ಅಂಕಿಯನ್ನು ಸ್ವಲ್ಪ ಏರಿಸಿ ಬರಿ ಎಂದು ಮೇಲಿನವನು ಹೇಳಿದನಂತೆ. ಇವರು, "ಮೀಟರ್ ಹೇಳಿದ್ದ ನಾ ಬರೀತೀನಿ. ಬ್ಯಾರೆ ಬೇಕಂದ್ರ ಮೀಟರ್‌ಗೆ ಹೇಳರಿ," ಎಂದರು. ಆಮೇಲೆ ಅವರಿಗಿಂತ ಕಿರಿಯರೆಲ್ಲ ಅವರ ಮೇಲಿನವರಾದರು. ಇದನ್ನು ಹೇಳುವಾಗ ಅವರಲ್ಲಿ ಹೆಮ್ಮೆಯೇನೂ ಇರಲಿಲ್ಲ, ಬಸ್ಸು ತಪ್ಪಿತು ಎಂದು ಹೇಳುವಷ್ಟೇ. ನನ್ನ ಮಗಳು ಚಿತ್ರ ಬರೆದು ತಂದು ಹೇಗಿದೆ ಎಂದರೆ, "ಕುದರಿ ಕತ್ತೆಯಂಗ ಅದ, ಆದರ ಕತ್ತೆ ಛೊಲೋ ಅದ" ಎನ್ನುವರು. ನನ್ನ ಕಾಂಟ್ರಾಕ್ಟು ಮುಗಿದು, ವೀಸಾದ ಚಿಂತೆಯಲ್ಲಿ ಬಿಳಿಚಿಕೊಂಡು ಡೆಕ್ಕಿನ ಮೇಲೆ ಕೂತಿದ್ದಾಗ ಎಲ್ಲರೂ ಎಲ್ಲಾ ಸರಿಹೋಗುತ್ತೆ ಅಂದರು. ಇವರು ಬಂದು ಪಕ್ಕದ ಕುರ್ಚಿಯಲ್ಲಿ ಕೂತು, "ಸರಿ ಹೋಗತದೋ ಇಲ್ಲೋ ನನಗ ಗೊತ್ತಿಲ್ಲಪಾ. ಝುಣಕಾ ಮಾಡೀನಿ, ತಿಂತೀಯೇನು?" ಎಂದರು. ಆ ವಾರ ನನಗೆ ದಕ್ಕಿದ ಸಮಾಧಾನ ಅದೊಂದೇ.

ಕೆಲವು ಚಳಿಗಾಲ ಕಳೆದವು. ಮಕ್ಕಳು ಗಾಜಿನ ಹೊರಗಿನಿಂದ ಒಳಗೆ ಬಂದು ಕಾರ್ಪೆಟ್ಟಿನ ಮೇಲೆ ಕೂತರು. ಅಷ್ಟರಲ್ಲಿ ಆಂಟಿಯ ಎದೆಬಡಿತ ತಾಳ ತಪ್ಪತೊಡಗಿ ಪೇಸ್‌ಮೇಕರ್ ಇಟ್ಟರು. "ನನ್ನೊಳಗೂ ಕರೆಂಟ್ ಬಂತು," ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ನಕ್ಕರು. ನಗುವಿಗೆ ಉಸಿರು ಸಾಲಲಿಲ್ಲ. ಅವತ್ತೇ ನನಗೆ ಹೇಳಿದ್ದು:

"ತಂಗಿ ಬರತಾಳಂತ. ಯಾರ ಹೇಳಿದರೋ, ತಾನ ಫೋನ್ ಮಾಡಿದಳು. ಆಕಿ ಸಿಟ್ಟು ಬೆಂಕಿಪೊಟ್ಟಣ, ಗೊತ್ತದ ನಿನಗ. ಈ ಸಲ ಎದ್ದು ಹೋದಳಂದ್ರ ಮತ್ತ ಬರೂದಿಲ್ಲ. ಬಂದರೂ ನಾ ಇರೂದಿಲ್ಲ."

"ಹಾಗೆಲ್ಲ ಯಾಕೆ ಅಂತೀರಿ?"

"ಕಂಡದ್ದ ಹೇಳಾಕತ್ತೀನಿ." ಕಣ್ಣು ಮುಚ್ಚಿಕೊಂಡರು. "ಆಕಿ ಸಿಟ್ಟಾಗದ ಹೋದರ ಸಾಕು ತಮ್ಮಾ. ಬ್ಯಾರೆ ಏನೂ ಬ್ಯಾಡ ನನಗ."

ಏರ್‌ಪೋರ್ಟಿನಿಂದ ತಂಗಿಯನ್ನು ಕರೆತರಲು ನಾನೇ ಹೋದೆ. ಅಕ್ಕನ ಮೂಗು, ಅಕ್ಕನ ದನಿ, ಮಾತಿನ ವೇಗ ಮಾತ್ರ ಎರಡು ಪಟ್ಟು. ದಾರಿಯುದ್ದಕ್ಕೂ ಔಷಧಿಗಳ ಬಗ್ಗೆ ವಿಚಾರಿಸಿದರು. ಸೆಂಟರ್‌ವಿಲ್ಲಿನ ಎಕ್ಸಿಟ್ ತೆಗೆದುಕೊಳ್ಳುವಾಗ ಇದ್ದಕ್ಕಿದ್ದಂತೆ, "ಆ ತುಂಡು ಇನ್ನೂ ಇಟಗೊಂಡಾಳೇನು?" ಎಂದರು.

"ಯಾವ ತುಂಡು ಆಂಟಿ?"

"ನಿನಗ ಸುಳ್ಳು ಹೇಳಾಕ ಬರೂದಿಲ್ಲ. ಗಾಡಿ ನೋಡಕೋತ ಹೊಡಿ."

ಮೊದಲ ಎರಡು ದಿನ ಇಬ್ಬರೂ ಔಷಧಿ, ಊಟ, ನಿದ್ದೆಯ ಮಾತಷ್ಟೇ ಆಡಿದರು. ಗೋಡೆಯ ಈಚೆಗೆ ಕೇಳುತ್ತಿತ್ತು: "ಗುಳಿಗಿ ತೊಗೊಂಡೀ?" "ತೊಗೊಂಡೆ." "ಇದೇನು ಮನಿಯೋ ಲ್ಯಾಬೋ?" "ಎರಡೂ." ಮೂರನೆಯ ದಿನ ಸಂಕ್ರಾಂತಿ. ಬೀದಿಯ ಮಕ್ಕಳು ಎಳ್ಳು ಬೆಲ್ಲ ಕೊಡಲು ಬರುವವರು, ಬಂದವರಿಗೆ ಗುಳ್ಳೆಯಾಟ, ಅದು ಅಲ್ಲಿಯ ವಾಡಿಕೆ. ಆ ವರ್ಷ ಬೇಡ ಎಂದು ನಾನು ಹೇಳಿದರೆ ಆಂಟಿ ಒಪ್ಪಲಿಲ್ಲ. "ಕೂತಲ್ಲೇ ಮಾಡತೀನಿ. ಆಕಿನೂ ನೋಡಲಿ. ಎದಕ್ಕ ಕತ್ತರಿಸಿದೆ ಅಂತ ಒಮ್ಮೆ ಕಣ್ಣಾರೆ ನೋಡಲಿ."

ಕುರ್ಚಿ ಜೋಡಿಸಲೆಂದು ನಾನು ಮಧ್ಯಾಹ್ನವೇ ಹೋಗಿದ್ದೆ. ತಂಗಿ ಕೆಳಗಿನ ಲಾಂಡ್ರಿ ಕೋಣೆಯಿಂದ ಮೆಟ್ಟಿಲು ಹತ್ತಿ ಬಂದರು. ಅಂಗೈ ಮೇಲೆ ನೀಟಾಗಿ ಮಡಿಸಿದ ಆ ರೇಷ್ಮೆ ತುಂಡು. ಸಾಬೂನಿನ ಕಲೆಗಳೆಲ್ಲ ಹೋಗಿ ಹಳೆಯ ಕುಂಕುಮ ಬಣ್ಣ ಎದ್ದು ಬಂದಿತ್ತು.

"ಅವ್ವನ ವಸ್ತ್ರ ಹಂಗ ಹೊಲಸ ಇಡತಾರೇನ ಅಕ್ಕಾ? ಕೈಲೆ ಒಗದೀನಿ. ಒಣಗಾಕ ಹೊತ್ತಿರಲಿಲ್ಲ, ಮಂದ ಬಿಸಿಗೆ ಡ್ರೈಯರಿಗೆ ಹಾಕಿದೆ." ಅದನ್ನು ಅಕ್ಕನ ಮಡಿಲಲ್ಲಿಟ್ಟರು. "ತೊಗೊ. ಮಡಿ ಮಾಡಿ ಕೊಟ್ಟೀನಿ. ಆಡಸು ನಿನ್ನ ಗುಳ್ಳಿ."

ಆಂಟಿ ತುಂಡನ್ನು ಕೈಗೆತ್ತಿಕೊಂಡರು. ಮೂಗಿನ ಹತ್ತಿರ ಒಂದು ಗಳಿಗೆ ಹಿಡಿದರು. ಕಣ್ಣಿಗೆ ಒತ್ತಿಕೊಳ್ಳುತ್ತಾರೆ ಅಂದುಕೊಂಡೆ. ಹಾಗೇ ಒತ್ತಿಕೊಂಡರು ಕೂಡ. "ಛೊಲೋ ಮಾಡಿದಿವಾ," ಎಂದರು. ಅಕ್ಕ ತಂಗಿ ಆ ಹೊತ್ತಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದಿದ್ದರು. ನಾನು ಕುರ್ಚಿ ಎತ್ತಿಕೊಂಡು ಬೇಕಂತಲೇ ಆಚೆ ಹೋದೆ.

ಸಂಜೆ ಮಕ್ಕಳು ಬಂದರು. ಹೊರಗೆ ಹಿಮ ಬಿದ್ದು ಗಟ್ಟಿಯಾಗಿತ್ತು. ಒಳಗೆ ಹೀಟರು ಬೆಳಗಿನಿಂದ ಓಡಿ ಹವೆ ಹಪ್ಪಳದಂತೆ ಒಣಗಿತ್ತು. ಮಕ್ಕಳು ಉಣ್ಣೆ ಟೊಪ್ಪಿ ತೆಗೆದರೆ ಕೂದಲು ನೆಟ್ಟಗೆ ನಿಲ್ಲುತ್ತಿತ್ತು. ಒಬ್ಬರನ್ನೊಬ್ಬರು ಮುಟ್ಟಿ ಶಾಕ್ ಕೊಟ್ಟುಕೊಂಡು ಚೀರುತ್ತಿದ್ದರು. ಮುಹೂರ್ತವೆಂದರೆ ಅಂಥ ಮುಹೂರ್ತ. ಆಂಟಿ ಮಾತ್ರ ಅವತ್ತು ಪಂಚಾಂಗ ತಟ್ಟಲಿಲ್ಲ. ತಂಗಿ ಎದುರಿನ ಸೋಫಾದಲ್ಲಿ, ಸೆರಗು ಹೊದ್ದು, ಪೂಜೆಗೆ ಕೂತವರಂತೆ ಕೂತಿದ್ದರು.

ಗುಳ್ಳೆ ಊದಿದರು. ಕಡ್ಡಿಯನ್ನು ರೇಷ್ಮೆಗೆ ತಿಕ್ಕಿದರು. ಹಿಡಿದರು. ಗುಳ್ಳೆ ಕಡ್ಡಿಯನ್ನು ಗಮನಿಸಲೇ ಇಲ್ಲ. ತನ್ನ ಪಾಡಿಗೆ ಇಳಿದು ಕಾರ್ಪೆಟ್ಟಿನ ಮೇಲೆ ಒಡೆಯಿತು. ಮತ್ತೆ ತಿಕ್ಕಿದರು, ಮತ್ತೆ ಇಳಿಯಿತು. ಜೋಡಿ ಗುಳ್ಳೆ ಊದಿ ಒತ್ತಿ ಹಿಡಿದರು, ನಾನು ಕಡ್ಡಿ ತಿಕ್ಕಿ ಹತ್ತಿರ ತಂದೆ. ಎರಡೂ ಒಂದನ್ನೊಂದು ಒತ್ತಿಕೊಂಡು ಎರಡಾಗಿಯೇ ಉಳಿದವು.

"ಆಂಟಿ, ಬಲೂನ್ ಇದೆ ನನ್ ಹತ್ರ!" ಎಂದಳು ಮಗಳು. "ಹೇರ್‌ಗೆ ರಬ್ ಮಾಡಿದ್ರೆ ವರ್ಕ್ ಆಗತ್ತೆ, ನೀವೇ ತೋರ್ಸಿದ್ರಿ!"

ಆಗುತ್ತಿತ್ತು. ಬಲೂನು ಬೇಡ, ಬಾಚಣಿಗೆಯೊಂದು ಸಾಕಿತ್ತು. ಕಡ್ಡಿಯನ್ನು ಯಾರ ಸ್ವೆಟರಿಗೆ ತಿಕ್ಕಿದ್ದರೂ ಗುಳ್ಳೆ ಏಳುತ್ತಿತ್ತು. ಅದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಅವರು ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟರು.

"ಇವತ್ತ ಯಾವುದೂ ಆಗೂದಿಲ್ಲ ಕೂಸ. ಹವಾ ಹಸಿ ಅದ."

"ಬಟ್ ನಂಗೆ ಈಗ ತಾನೇ ಶಾಕ್ ಹೊಡೀತು!"

"ಅದು ಬ್ಯಾರೆ."

"ಹಸೀನಾ?" ತಂಗಿ ಮುಂದಕ್ಕೆ ಬಾಗಿದರು. "ಹೊರಗ ಬರಫ ಬಿದ್ದದಲ್ಲ ಅಕ್ಕಾ. ನಾ ಒಗದದ್ದಕ್ಕ ಏನರ—"

"ನೀ ಒಗದದ್ದಕ್ಕೇನಾಗತದ?" ಆಂಟಿ ನಕ್ಕರು. "ಇಷ್ಟು ಹುಡುಗೂರು ಬಾಯಿ ತಗದು ಉಸಿರಾಡಿದರ ಹವಾ ಹಸಿ ಆಗದ ಏನಾಗತದ? ಡಾಕ್ಟರ್ ಇದ್ದಿ, ಅಷ್ಟೂ ಗೊತ್ತಿಲ್ಲ. ಹೋಗು, ಎಲ್ಲಾರಿಗೂ ಎಳ್ಳು ಕೊಡು."

ತಂಗಿಯ ಮುಖ ಸಡಿಲವಾಯಿತು. "ಸಣ್ಣಾಕಿದ್ದಾಗಿಂದ ಹಿಂಗ, ಎಲ್ಲಾದಕ್ಕೂ ಬೈಯೂದು," ಎಂದು ಎದ್ದು ಅಡಿಗೆಮನೆಗೆ ಹೋದರು. ಅವರು ಬೆನ್ನು ತಿರುಗಿಸಿದ ಕ್ಷಣದಲ್ಲಿ ಆಂಟಿ ಕೂತಲ್ಲಿಂದ ಕಪಾಟಿಗೆ ಕೈಚಾಚಿ ಪಂಚಾಂಗವನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಅದನ್ನು ನೋಡಿದವನು ನಾನೊಬ್ಬನೇ.

ಮಕ್ಕಳು ಹೋದ ಮೇಲೆ ಲೋಟಗಳನ್ನು ಎತ್ತಿಡುತ್ತಿದ್ದೆ. ತಂಗಿ ಮಹಡಿಯ ಮೇಲೆ ಫೋನಿನಲ್ಲಿದ್ದರು. ಆಂಟಿ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರು. ಅಷ್ಟು ದಣಿದದ್ದನ್ನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

"ಡ್ರೈಯರಿಗೆ ಹಾಕುವಾಗ ಆ ಘಮಘಮ ಹಾಳಿ ಹಾಕ್ಯಾಳ," ಎಂದರು ಮೆಲ್ಲಗೆ. "ಬಟ್ಟಿ ಅಂಟಬಾರದಂತ ಹಾಕತಾರಲ್ಲ, ಅದು. ಮಡಿಲಾಗ ಇಟ್ಟಾಗನ ವಾಸನಿ ಬಂತು. ಮಿಲ್ಲಿನ್ಯಾಗ ನೂಲಿಗೆ ಸವರತಿದ್ದಿವಲ್ಲ, ಅಂಥಾ ಜಿಡ್ಡ ಅದರಾಗಿರತದ. ಆ ಜಿಡ್ಡಿನ ಜೋಡಿ ಬಾಳೇ ಮಾಡೀನಿ ನಾ. ಒಂದು ಪದರ ಬಡದರ ರೇಷ್ಮಿ ಸತ್ತಂಗ."

"ಮತ್ತೆ ತೊಳೆದ್ರೆ ಹೋಗಲ್ವಾ?"

"ಹೋಗತದ." ತುಂಡನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದರು. "ಆಕಿ ಮಡಿ ಮಾಡಿ ಕೊಟ್ಟದ್ದನ್ನ ನಾ ಮತ್ತ ತೊಳೀಲೇನು?"

ನಾನು ಪಂಚಾಂಗದ ಕಡೆ ನೋಡಿದ್ದು ಅವರಿಗೆ ಗೊತ್ತಾಯಿತು. "ಇರಲಿ ಬಿಡು. ಆಕಿ ಹೋದ ಮ್ಯಾಲೆ ತಿರುಗಿಸೂಣಂತ."

ತಂಗಿ ಒಂದು ವಾರಕ್ಕೆಂದು ಬಂದವರು ತಿಂಗಳು ಇದ್ದರು. ಹೋದ ಮೇಲೆ ದಿನಾ ಸಂಜೆ ಫೋನು. ಗೋಡೆಯಾಚೆಯಿಂದ ನಗು ಕೇಳುತ್ತಿತ್ತು, ಜಗಳ ಕೇಳುತ್ತಿತ್ತು. ಗುಳ್ಳೆಯಾಟ ಮಾತ್ರ ನಿಂತಿತು. ಮಕ್ಕಳು ಕೇಳಿದರೆ, "ಕೈ ನಡಗತಾವ, ಸಾಕಾತು," ಎನ್ನುವರು. ಬೇರೆ ರೇಷ್ಮೆ ತಂದುಕೊಡಲೇ ಎಂದರೆ, "ಮಕ್ಕಳ ಬಾಯಾಗ ಮಾತು ನಿಲ್ಲೂದಿಲ್ಲ. ಆಟ ನಡೀತಂದ್ರ ಅಟ್ಲಾಂಟಾಕ್ಕ ಸುದ್ದಿ ಮುಟ್ಟತದ. ಆಮ್ಯಾಲೆ ಆಕಿ, ಆ ತುಂಡಷ್ಟ ಯಾಕ ನಡೀಲಿಲ್ಲಂತ, ಲೆಕ್ಕಾ ಹಾಕತಾಳ," ಎಂದರು. ಎರಡು ಚಳಿಗಾಲ ಹಾಗೇ ಹೋದವು. ಮೂರನೆಯ ಚಳಿಗಾಲಕ್ಕೆ ತಂಗಿಯೇ ಬಂದು ಅಟ್ಲಾಂಟಾಕ್ಕೆ ಕರೆದೊಯ್ದರು. ಕಾರು ಹತ್ತುವ ಮುಂಚೆ ಆಂಟಿ ಬಾಗಿಲಿನ ಲೋಹ ಹಿಡಿದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹತ್ತುವಾಗ ಹಿಡಿಯುವ ಅಗತ್ಯವಿಲ್ಲ. ಅದು ನನಗಾಗಿ.

ಮೊನ್ನೆ ತಂಗಿ ಮನೆ ಖಾಲಿ ಮಾಡಲು ಬಂದಿದ್ದರು. ಪೆಟ್ಟಿಗೆ ಕಟ್ಟಲು ಹೋದೆ. ಪಾತ್ರೆಗಳಾದವು, ಪುಸ್ತಕಗಳಾದವು. ನಾವಿಬ್ಬರೂ ಟೇಪು ಹರಿದು ಹರಿದು ಅಂಟಿಸುತ್ತಿದ್ದೆವು. ಕಪಾಟಿನ ಮೇಲೆ ಕೈ ಹಾಕಿದಾಗ ಅವರಿಗೆ ಸ್ಟೀಲಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದು, ತುಂಡನ್ನು ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ಡ್ರೈಯರ್ ಹಾಳಿ ವಾಸನಿ ಇನ್ನೂ ಅದ," ಎಂದರು. "ಅವತ್ತಿನಿಂದ ತೊಳದೇ ಇಲ್ಲ ಇದನ್ನ ಆಕಿ."

ನಾನು ಟೇಪಿನ ತುದಿ ಹುಡುಕುತ್ತಿದ್ದೆ.

"ತಮ್ಮಾ, ಅವತ್ತು ಹವಾ ಖರೇನ ಹಸಿ ಇತ್ತೇನು?"

ಎಂದೋ ಮತ್ತೆ ಈಚೆಗೆ ತಿರುಗಿಸಿಟ್ಟಿದ್ದ ಪಂಚಾಂಗ ಅವರ ಹಿಂದೆ, ನನಗೆ ಎದುರಾಗಿಯೇ ಇತ್ತು. ಮುಳ್ಳು ಒಣ ಕಡೆಗೆ ವಾಲಿತ್ತು.

"ಹೌದು ಆಂಟಿ. ಮಕ್ಕಳು ತುಂಬಾ ಜನ ಇದ್ರಲ್ಲ. ಹವಾ ಹಸಿ ಇತ್ತು."

ಅವರು ನನ್ನ ಮುಖವನ್ನೇ ನೋಡಿದರು.

"ನಿನಗ ಸುಳ್ಳು ಹೇಳಾಕ ಬರೂದಿಲ್ಲ ಅಂತ ಆವಾಗನ ಹೇಳಿದ್ದೆ," ಎಂದು ತುಂಡನ್ನು ಮಡಿಸಿ ಡಬ್ಬಿಗಿಟ್ಟು, ಡಬ್ಬಿಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. "ಇರಲಿ. ನಾನೂ ತೊಳಿಯೂದಿಲ್ಲ ತೊಗೊ."